ಕೇಳದೆ ಬಿಟ್ಟ ಬಾಟಲಿ

ಸೆವ್ರಿನ್‌ಬಾಯಿ, ಆರು ವರ್ಷದ ಹಿಂದೆ ನೀವು ಹೇಳಿದಿರೆಂದು ಊರೆಲ್ಲ ನಂಬಿರುವ ಮಾತೊಂದಿದೆ. ಅದನ್ನು ನೀವು ಹೇಳಲಿಲ್ಲ. ಹೇಳಿದವಳು ನಾನು. ನಿಮ್ಮ ಹೆಸರಿನಲ್ಲಿ, ಇಗರ್ಜಿಯ ಕಮಿಟಿ ಮೀಟಿಂಗಿನಲ್ಲಿ, ಫಾದರ್ ಎದುರು ಕೂತು, ಕೈಯಲ್ಲಿ ಚಹಾದ ಗ್ಲಾಸು ಹಿಡಿದುಕೊಂಡೇ ಹೇಳಿದೆ. ಆ ಮಾತು ಯಾವುದೆಂದು ನಿಮಗೆ ಇವತ್ತಿಗೂ ಗೊತ್ತಿಲ್ಲ. ಊರಿಗೆಲ್ಲ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ — ಯಾಕೆಂದರೆ ಅಂಥ ಮಾತನ್ನು ಯಾರೂ ಆಡಿದವರ ಮುಖಕ್ಕೆ ಮತ್ತೆ ಹೇಳುವುದಿಲ್ಲ. ಸುಮ್ಮನೆ ದೂರವಾಗುತ್ತಾರೆ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ನಿಮ್ಮ ಮೇಲೆ ಪ್ರೀತಿ ಹುಟ್ಟಿ ಇದನ್ನು ಬರೆಯುತ್ತಿಲ್ಲ. ನೀವು ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಪೂಜೆಗೆ ತಡವಾಗಿ ಬಂದವರನ್ನು ಮುಂದಿನ ಬೆಂಚಿನಿಂದ ಕುತ್ತಿಗೆ ತಿರುಗಿಸಿ ನೋಡುವುದು, ಉಂಡ ಮನೆಯಲ್ಲೇ ಸಾರಿಗೆ ಹುಳಿ ಜಾಸ್ತಿಯಾಯಿತೆಂದು ಹೇಳುವುದು, ಯಾರ ಮಗಳಿಗೆ ಎಷ್ಟು ವಯಸ್ಸಾಯಿತೆಂದು ಲೆಕ್ಕ ಇಡುವುದು — ಇದೆಲ್ಲ ನಿಮ್ಮಲ್ಲಿ ಇದ್ದದ್ದೇ. ನಾನು ತಪ್ಪು ಮಾಡಿದೆನೆಂದ ಮಾತ್ರಕ್ಕೆ ನೀವು ದೇವತೆಯಾಗುವುದಿಲ್ಲ. ಆದರೆ ನೀವು ಎಂಥವರು ಎನ್ನುವುದು ಬೇರೆ, ನಾನು ನಿಮಗೆ ಮಾಡಿದ್ದು ಬೇರೆ. ಈ ಎರಡನ್ನು ಬೇರೆ ಬೇರೆ ಇಟ್ಟು ನೋಡಲು ನನಗೆ ಆರು ವರ್ಷ ಬೇಕಾಯಿತು.

ಇದು ಶುರುವಾದದ್ದು ಆ ಮೀಟಿಂಗಿಗೂ ಒಂದು ವರ್ಷ ಮೊದಲು. ಕುವೈಟಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದು ನಾನು ಮಂಗಳೂರಿಗೆ ವಾಪಸ್ ಬಂದ ಮೊದಲ ವರ್ಷ ಅದು. ಮದುವೆಯಾಗಿರಲಿಲ್ಲ, ತಾಯಿ ತೀರಿಹೋಗಿದ್ದರು, ಇಗರ್ಜಿಯಲ್ಲಿ ನನ್ನ ಮುಖ ಅರ್ಧ ಜನರಿಗೆ ಮರೆತೇಹೋಗಿತ್ತು. ನಾನೂ ಈ ಊರಿನವಳು ಎಂದು ತೋರಿಸಿಕೊಳ್ಳುವ ಆಸೆ — ಇದ್ದೇ ಇತ್ತು, ಯಾಕೆ ಸುಳ್ಳು ಹೇಳಲಿ. ನವೆಂಬರಿನಲ್ಲಿ ನಮ್ಮ ಇಗರ್ಜಿಯ ಹಾಲಿನಲ್ಲಿ ವೈನಿನ ಏಲಂ ಆಗುತ್ತದೆ. ಊರಿನ ಮನೆಮನೆಯ ವೈನು, ಜೊತೆಗೆ ಸುತ್ತಲಿನ ಸಣ್ಣ ವೈನರಿಗಳಿಂದ ಬೇಡಿ ತಂದದ್ದು, ಎಲ್ಲ ಏಲಂ ಹಾಕಿ ಬಂದದ್ದನ್ನು ಸಿಸ್ಟರ್‌ಗಳು ನಡೆಸುವ ಆಶ್ರಮಕ್ಕೆ ಕೊಡುತ್ತಾರೆ — ಇನ್ನು ಗುಣವಾಗುವುದಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದವರನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆ ಅದು. ನಾನೂ ಒಂದು ಭರಣಿ ವೈನು ಹಾಕಿದೆ. ಕಪ್ಪು ದ್ರಾಕ್ಷಿ, ಸಕ್ಕರೆ, ಗೋಧಿ, ಚಕ್ಕೆ, ಲವಂಗ. ದಿನಾ ಬೆಳಿಗ್ಗೆ ಮರದ ಸೌಟಿನಿಂದ ತಿರುಗಿಸಿದೆ. ಮಗುವಿಗೆ ಸ್ನಾನ ಮಾಡಿಸಿದಷ್ಟು ಜೋಪಾನ.

ಆಗ ಬಾಟಲಿ ಸಂಗ್ರಹಿಸುವ ಕೆಲಸ ನಿಮ್ಮದು. ನಿಯಮವೂ ನೀವೇ ಮಾಡಿದ್ದು. ಹಿಂದೆ ಯಾರೋ ಹುಳಿಯಾಗಿ ವಿನೆಗರ್ ಆದ ವೈನನ್ನೆಲ್ಲ ತಂದು ಹಾಲಿನಲ್ಲಿ ಇಟ್ಟುಹೋಗಿದ್ದರಂತೆ. ಕೊಂಡವರು ಜಗಳಕ್ಕೆ ಬಂದರಂತೆ. ಅವತ್ತಿನಿಂದ, ಯಾರೂ ತಾವಾಗಿ ಬಾಟಲಿ ತರುವಂತಿಲ್ಲ. ಕಮಿಟಿಯಿಂದ ಇಬ್ಬರು ಮನೆಗೆ ಬಂದು ಕೇಳಬೇಕು, ಒಂದು ಚಮಚ ರುಚಿ ನೋಡಬೇಕು, ಕೊಟ್ಟವರ ಹೆಸರೋ ಅವರ ಮನೆಯ ತೀರಿಹೋದವರ ಹೆಸರೋ ಚೀಟಿಯಲ್ಲಿ ಬರೆದು ಬಾಟಲಿಯ ಕುತ್ತಿಗೆಗೆ ಕಟ್ಟಬೇಕು. ಏಲಂನಲ್ಲಿ ಆ ಹೆಸರನ್ನು ಮೂರು ಸಲ ಕೂಗುತ್ತಾರೆ. ಜನ ಕೊಡುವುದು ಅರ್ಧ ಆ ಕೂಗಿಗಾಗಿಯೇ.

ನೀವು ಇನ್ನೊಬ್ಬರ ಜೊತೆ ನನ್ನ ಮನೆಗೆ ಬಂದಿರಿ, ನನ್ನ ಸೋಫಾದಲ್ಲಿ ಕೂತಿರಿ, ಒಂದು ಚಮಚ ಬಾಯಿಗೆ ಹಾಕಿಕೊಂಡಿರಿ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು ನುಂಗಿ, "ಹಿಲ್ಡಾ, ಇದು ವೈನಾ, ಕೆಮ್ಮಿನ ಮದ್ದಾ? ಆಸ್ಪತ್ರೆ ಅಭ್ಯಾಸ ಹೋಗ್ಲಿಲ್ಲ ನಿಂದು" ಎಂದಿರಿ. ಜೊತೆಗೆ ಬಂದವರು ನಕ್ಕರು. ಬಾಟಲಿ ತೆಗೆದುಕೊಳ್ಳದೆ ಹೋದಿರಿ. ಅಲ್ಲಿಗೆ ಮುಗಿದಿದ್ದರೆ — ಮುಗಿಯಲಿಲ್ಲ. ಭಾನುವಾರ ಹಾಲಿನಲ್ಲಿ ಅದನ್ನೇ ಹತ್ತು ಜನರಿಗೆ ಹೇಳಿದಿರಿ. ಫಾದರ್ ಸಹ ಮುಖ ಆ ಕಡೆ ತಿರುಗಿಸಿ ನಕ್ಕದ್ದನ್ನು ನಾನು ನೋಡಿದೆ. ಒಂದು ತಿಂಗಳಲ್ಲಿ ನಾನು 'ಸಿರಪ್ ಹಿಲ್ಡಾ' ಆದೆ. ಇಪ್ಪತ್ತೆರಡು ವರ್ಷ ಎಷ್ಟೋ ಜನರ ಕೈ ಹಿಡಿದು ಕೂತವಳಿಗೆ ಊರು ಕೊಟ್ಟ ಹೆಸರು ಅದು. ಲವಂಗ ಜಾಸ್ತಿಯಾಗಿದ್ದು ನಿಜ. ಅದು ನನಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಹೆಚ್ಚು ಉರಿಯಿತು.

ಮಾರನೆಯ ವರ್ಷ ಆಗಸ್ಟಿನಲ್ಲಿ ನಿಮ್ಮ ಗಂಡ ಲಾರೆನ್ಸ್ ತೀರಿಹೋದರು. ಕೊನೆಯ ನಲವತ್ತು ದಿನ ಅದೇ ಆಶ್ರಮದಲ್ಲಿದ್ದರು. ನೀವು ಕಪ್ಪು ಸೀರೆ ಉಟ್ಟು ಮನೆಯಲ್ಲಿ ಕೂತಿರಿ, ಬಾಟಲಿ ಸಂಗ್ರಹಕ್ಕೆ ಹೋಗಲಾರೆ ಎಂದು ಹೇಳಿ ಕಳಿಸಿದಿರಿ. ಕಮಿಟಿ ಬಾಟಲಿ ಕೇಳಬೇಕಾದ ಮನೆಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಿತು. ನಾನು ಪಟ್ಟಿಯನ್ನು ಬಿಚ್ಚಿ ನೋಡಿದಾಗ ಕೊನೆಯ ಸಾಲಿನಲ್ಲಿ ನಿಮ್ಮ ಹೆಸರು, ವಾಮಂಜೂರು ಎಂದು. ಆಗ ನನಗಾದದ್ದು ಸಂತೋಷ. ಗಂಡ ಸತ್ತು ಮೂರು ತಿಂಗಳಾಗದ ಹೆಂಗಸಿನ ಹೆಸರು ಓದಿ ನನಗೆ ಸಂತೋಷವಾಯಿತು. ಈಗ ಇವಳ ಬಾಟಲಿಯನ್ನು ನಾನು ರುಚಿ ನೋಡುತ್ತೇನೆ ಎಂದು.

ನನ್ನ ಜೊತೆ ಬರಬೇಕಾದವರಿಗೆ ಜ್ವರ. ಒಬ್ಬಳೇ ಯಶೋಧರನ ರಿಕ್ಷಾದಲ್ಲಿ ಹೊರಟೆ. ಯಶೋಧರ ನಿಮಗೆ ಗೊತ್ತು, ಇಗರ್ಜಿಯ ಎದುರಿನ ಸ್ಟ್ಯಾಂಡಿನವನು, ನಮ್ಮನ್ನೆಲ್ಲ 'ಬಾಯಮ್ಮ' ಎಂದು ಕರೆಯುವವನು. ಮೊದಲು ಕೂಳೂರು. ಸೇತುವೆ ದಾಟಿ ಒಳಗೆ ಹೋದರೆ ಹೊಳೆಯ ಬದಿಗೆ ಒಂದು ಸಣ್ಣ ವೈನರಿ, ಪುನರ್ಪುಳಿಯದ್ದೂ ಗೇರುಹಣ್ಣಿನದ್ದೂ ಮಾಡುತ್ತಾರೆ. ಮಾಲೀಕ ಮುಕ್ಕಾಲು ಗಂಟೆ ಕಾಯಿಸಿದ. ಆರು ಬಾಟಲಿ ಮೇಜಿನ ಮೇಲಿಟ್ಟು, ಬಿಡದೆ ಅದರ ಮೇಲೆ ಕೈ ಇಟ್ಟುಕೊಂಡೇ, "ಬ್ಯಾನರಲ್ಲಿ ನಮ್ಮ ಹೆಸರು ಎಷ್ಟು ದೊಡ್ಡದು ಬರ್ತದೆ?" ಎಂದು ಕೇಳಿದ. ದೊಡ್ಡದೇ ಬರುತ್ತದೆ ಎಂದೆ. "ಹೋದ ವರ್ಷವೂ ಹಾಗೇ ಹೇಳಿದ್ರು ಮಾರಾಯ್ರೆ, ನೋಡುವಾಗ ಐಸ್‌ಕ್ರೀಮಿನವನ ಕೆಳಗೆ ಹಾಕಿದ್ದಾರೆ" ಎಂದ. ಧರ್ಮಕ್ಕೆ ಕೊಡುವವರ ಮುಖವನ್ನು ಹತ್ತಿರದಿಂದ ನೋಡಬೇಕಾದರೆ ಕೈಯಲ್ಲಿ ಪಟ್ಟಿ ಹಿಡಿದು ಅವರ ಬಾಗಿಲಲ್ಲಿ ನಿಲ್ಲಬೇಕು.

ಅಲ್ಲಿಂದ ಸುರತ್ಕಲ್. ಅಲ್ಲಿ ಹಲಸಿನ ಹಣ್ಣಿನ ವೈನು ಮಾಡುವ ಇನ್ನೊಬ್ಬ, ರಿಫೈನರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಡ್ರಮ್ಮು, ಪೈಪು, ಥರ್ಮಾಮೀಟರು ಎಲ್ಲ ತೋರಿಸಿ ಒಂದು ಗಂಟೆ ಪಾಠ ಮಾಡಿ ಕೊನೆಗೆ ಕೊಟ್ಟದ್ದು ಎರಡು ಬಾಟಲಿ, ಅದೂ ಲೇಬಲ್ ಹರಿದದ್ದು. ಹತ್ತಿರದಲ್ಲೇ ಇದ್ದ ಇನ್ನೊಂದು ಮನೆಗೆ ಬೀಗ. ಬಿಸಿಲು, ಹೈವೇಯ ಧೂಳು, ಲಾರಿಗಳ ಹಾರ್ನು. ನಗರ ದಾಟಿ ವಾಮಂಜೂರಿಗೆ ಬರುವಾಗ ಮೂರು ಗಂಟೆ. ನನ್ನ ತಲೆ ಸಿಡಿಯುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ — ತಲೆನೋವು ಬಂದವರೆಲ್ಲ ಇನ್ನೊಬ್ಬರ ಬಾಳಿಗೆ ಕಲ್ಲು ಹಾಕುವುದಿಲ್ಲ.

ನಿಮ್ಮ ಮನೆಯ ಗೇಟಿನ ಹತ್ತಿರ ರಿಕ್ಷಾ ನಿಂತಿತು. ನಾನು ಇಳಿಯಲಿಲ್ಲ. ರಿಕ್ಷಾದ ಒಳಗಿನಿಂದಲೇ ನೋಡಿದೆ. ಜಗಲಿ ಗುಡಿಸಿ ಒರೆಸಿತ್ತು. ಎರಡು ಕುರ್ಚಿ ಹಾಕಿ ಅದರ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹೊದೆಸಿದ್ದಿರಿ — ಇಬ್ಬರು ಬರುತ್ತಾರೆಂದು ನಿಮಗೆ ಗೊತ್ತಿತ್ತಲ್ಲ. ಟೀಪಾಯಿಯ ಮೇಲೆ ಮುಚ್ಚಿಟ್ಟ ತಟ್ಟೆ, ಎರಡು ಚಮಚ. ಒಳಬಾಗಿಲಿನ ಹತ್ತಿರ ನೀವು ಕಪ್ಪು ಸೀರೆಯಲ್ಲಿ ಕೂತು ಬೀದಿಯನ್ನೇ ನೋಡುತ್ತಿದ್ದಿರಿ. ಗೇಟಿನ ಪಕ್ಕದ ದಾಸವಾಳದ ಗಿಡ ಅಡ್ಡ ಬಂದದ್ದರಿಂದ ನಾನು ನಿಮಗೆ ಕಾಣಲಿಲ್ಲ. ಒಳಗೆ ಹೋಗಬೇಕು, ಕೂರಬೇಕು, ಒಂದು ಚಮಚ ಬಾಯಿಗೆ ಹಾಕಿ ಏನಾದರೂ ಚುಚ್ಚಬೇಕು — ಅಷ್ಟೇ ನಾನು ದಾರಿಯುದ್ದಕ್ಕೂ ಅಂದುಕೊಂಡದ್ದು. ಆದರೆ ಆ ಕುರ್ಚಿಗಳನ್ನು ನೋಡಿದಾಗ ಬೇರೆ ಯೋಚನೆ ಬಂತು. ಹೋಗದೇ ಇದ್ದರೆ? ಇವಳು ಕಾಯಲಿ. ಕೂತು ಕೂತು ಕಾಯಲಿ.

"ಮನೆಯಲ್ಲಿ ಯಾರೂ ಇಲ್ಲ, ತಿರುಗಿಸು" ಎಂದೆ.

"ಅಲ್ಲಿ ಕೂತಿದ್ದಾರಲ್ಲ ಬಾಯಮ್ಮ" ಎಂದ ಯಶೋಧರ.

"ಇಲ್ಲ ಅಂದೆನಲ್ಲ. ತಿರುಗಿಸು."

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ರಿಕ್ಷಾ ತಿರುಗಿಸಿದ.

ಅಷ್ಟಕ್ಕೇ ನಿಂತಿದ್ದರೆ ಅದು ಸಣ್ಣತನ ಮಾತ್ರ ಆಗುತ್ತಿತ್ತು. ಸಂಜೆ ಮೀಟಿಂಗಿನಲ್ಲಿ ಫಾದರ್ ಪಟ್ಟಿಯನ್ನು ಒಂದೊಂದಾಗಿ ಓದಿದರು. ಸುರತ್ಕಲಿನ ಬೀಗ ಹಾಕಿದ ಮನೆಯ ಹೆಸರು ಬಂತು. "ಹಾಗಾದ್ರೆ ನಾಳೆ ಇನ್ನೊಮ್ಮೆ ಹೋಗಿ ಬನ್ನಿ ಹಿಲ್ಡಾ" ಎಂದರು. ಮುಂದಿನ ಹೆಸರು ನಿಮ್ಮದು. ಮನೆಯಲ್ಲಿ ಇರಲಿಲ್ಲ ಎಂದರೆ ಮತ್ತೆ ಹೋಗು ಎನ್ನುತ್ತಾರೆ. ಹೋದರೆ ನೀವು ಕೇಳುತ್ತೀರಿ, ನಿನ್ನೆ ಯಾಕೆ ಬರಲಿಲ್ಲ ಎಂದು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಮತ್ತೆ ಆ ಮಾತು — ಅದು ಎಲ್ಲಿಂದ ಬಂತೋ ನನಗೆ ಇವತ್ತಿಗೂ ಗೊತ್ತಿಲ್ಲ. ಯೋಚಿಸಿ ಇಟ್ಟುಕೊಂಡದ್ದಲ್ಲ. ಆದರೆ ಬರುವಾಗ ಒಂದು ಅಕ್ಷರ ತಡವರಿಸದೆ ಬಂತು.

"ಅವರು ಕೊಡುವುದಿಲ್ಲ ಅಂದ್ರು ಫಾದರ್. ಸಾಯ್ಲಿಕ್ಕೆ ಬಿದ್ದವರ ಮೇಲೆ ಹೊಯ್ಯಲಿಕ್ಕೆ ನಾನು ವೈನ್ ಮಾಡುವುದಿಲ್ಲ ಅಂದ್ರು."

ಇದೇ ಆ ಮಾತು, ಸೆವ್ರಿನ್‌ಬಾಯಿ. ಈಗ ನಿಮಗೂ ಗೊತ್ತಾಯಿತು.

ಒಬ್ಬರು ಶಿಲುಬೆಯ ಗುರುತು ಹಾಕಿಕೊಂಡರು. ಗಂಡನನ್ನು ನಲವತ್ತು ದಿನ ಇಟ್ಟುಕೊಂಡು ನೋಡಿಕೊಂಡ ಮನೆಯ ಬಗ್ಗೆ ಹೀಗೆ ಹೇಳುವುದೇ ಎಂದರು ಇನ್ನೊಬ್ಬರು. ಫಾದರ್ ಮಾತ್ರ, "ನಾನೇ ಹೋಗಿ ಮಾತಾಡ್ತೇನೆ, ದುಃಖದಲ್ಲಿ ಏನೋ ಹೇಳಿರಬಹುದು" ಎಂದರು. ಅಲ್ಲಿ ನನಗೆ ವಾಪಸ್ ಬರಲು ದಾರಿಯಿತ್ತು. ನಾನು ಎರಡನೆಯ ಸಲ ಸುಳ್ಳು ಹೇಳಿದೆ. "ಬೇಡ ಫಾದರ್. ಲಾರೆನ್ಸ್ ಹೋದ ಮೇಲೆ ಅವರ ತಲೆ ಸ್ವಲ್ಪ ಸರಿ ಇಲ್ಲ. ನಿಮಗೂ ಏನಾದರೂ ಹೇಳಿಯಾರು" ಎಂದೆ. ನರ್ಸ್ ಹೇಳಿದ ಮೇಲೆ ಕೇಳಬೇಕೇ. ಎಲ್ಲರೂ ತಲೆಯಾಡಿಸಿದರು. ರೋಗಿಯ ಮನೆಯವರಿಗೆ ಧೈರ್ಯ ಹೇಳುವ ಅದೇ ಮೆದು ಸ್ವರದಲ್ಲಿ ನಾನು ಅದನ್ನು ಹೇಳಿದ್ದೆ.

ಏಲಂನ ದಿನ ನೀವು ಬರುವುದಿಲ್ಲವೆಂದುಕೊಂಡಿದ್ದೆ. ಬಂದಿರಿ. ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಮೂರನೆಯ ಸಾಲಿನಲ್ಲಿ ಕೂತಿರಿ. ನಿಮ್ಮ ಎರಡೂ ಪಕ್ಕದ ಕುರ್ಚಿಗಳು ಖಾಲಿಯೇ ಉಳಿದವು; ನೀವು ಅದನ್ನು ಗಮನಿಸಿ ಚೀಲವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಿರಿ. ಆಮೇಲೆ ಎದ್ದು ಸೀದಾ ನನ್ನ ಮೇಜಿನ ಹತ್ತಿರ ಬಂದಿರಿ.

"ನೀನು ಬರ್ತಿ ಅಂತ ಕಾದೆ ಹಿಲ್ಡಾ" ಎಂದಿರಿ. ಜಗಳದ ಸ್ವರದಲ್ಲಿ ಅಲ್ಲ. ನಿಮಗೆ ಅಂಥ ಸ್ವರ ಇದೆಯೆಂದು ನನಗೆ ಗೊತ್ತಿರಲಿಲ್ಲ.

"ಪಟ್ಟಿ ಮುಗಿದಿದೆ ಸೆವ್ರಿನ್‌ಬಾಯಿ."

"ಒಂದೇ ಬಾಟ್ಲಿ ಮಾರಾಯ್ತಿ. ಒಂದೇ."

"ಕೇಳದೆ ತಂದದ್ದನ್ನು ತೆಗೊಳ್ಳುವ ಹಾಗಿಲ್ಲ. ನಿಯಮ ನೀವೇ ಮಾಡಿದ್ದಲ್ವಾ?"

ನೀವು ಸುತ್ತಲಿದ್ದವರ ಕಡೆ ನೋಡಿದಿರಿ, ಯಾರಾದರೂ ಒಂದು ಮಾತು ಹೇಳುತ್ತಾರೇನೋ ಎಂದು. ಹೇಳಬಹುದಾಗಿದ್ದವರೆಲ್ಲ ನನ್ನ ಮಾತು ಕೇಳಿದವರೇ. ಒಬ್ಬರು ನಿಮಗೆ ಬೆನ್ನು ಹಾಕಿ ನಿಂತರು. ನೀವು ಹೊರಗೆ ಹೋದಿರಿ. ಏಲಂ ಚೆನ್ನಾಗಿ ನಡೆಯಿತು. ಕೂಳೂರಿನವನ ಹೆಸರನ್ನು ಮೂರು ಸಲ ಕೂಗಿದರು, ಅವನು ಎದ್ದು ನಿಂತು ಕೈ ಮುಗಿದ. ಆ ದಿನ ನನಗೆ ಎಷ್ಟು ತೃಪ್ತಿಯಾಯಿತೆಂದರೆ — ಇದನ್ನೂ ಬರೆಯಲೇಬೇಕು — ಮನೆಗೆ ಹೋಗಿ ನನಗಾಗಿ ಮೀನು ಹುರಿದುಕೊಂಡು ಹೊಟ್ಟೆ ತುಂಬ ಊಟ ಮಾಡಿದೆ.

ಆ ಕ್ರಿಸ್ಮಸ್‌ಗೆ ನಿಮ್ಮ ಕುಸ್ವಾರಿನ ತಿಂಡಿಗಳಿಗೆ ಜನ ಬರಲಿಲ್ಲ. ವರ್ಷವೂ ನಿಮ್ಮ ಕಿಡಿಯೊ, ನೆವ್ರಿ, ವೈನಿಗಾಗಿ ಒಂದು ತಿಂಗಳು ಮೊದಲೇ ಹೇಳಿಡುತ್ತಿದ್ದ ಮನೆಗಳು ಬೇರೆ ಕಡೆ ಹೇಳಿದವು. ಮೂರು ಮನೆಯವರು ವೈನು ಕೇಳಿಕೊಂಡು ನನ್ನ ಹತ್ತಿರ ಬಂದರು. ಕೊಟ್ಟೆ. ಲವಂಗ ಕಡಿಮೆ ಹಾಕಿ ಮಾಡಿದ್ದೆ. ಮುಂದಿನ ವರ್ಷದಿಂದ ನೀವು ನಮ್ಮ ಇಗರ್ಜಿಗೆ ಬರುವುದನ್ನೇ ಬಿಟ್ಟಿರಿ. ಎರಡು ಬಸ್ಸು ಹಿಡಿದು ಬೇರೆ ಇಗರ್ಜಿಗೆ ಹೋಗುತ್ತೀರೆಂದು ಕೇಳಿದೆ. ನೋಡಿದಿರಾ, ಸೊಕ್ಕು, ಎಂದು ಜನ ಹೇಳಿದರು. ನಾನೂ ಹೌದು ಎಂದೆ.

ಆ ಬಾಟಲಿಯಲ್ಲಿ ಏನಿತ್ತೆಂದು ನನಗೆ ಹೇಳಿದವನು ಯಶೋಧರ. ಆ ಏಲಂನ ದಿನ ನಿಮ್ಮನ್ನು ಮನೆಗೆ ಬಿಟ್ಟವನು ಅವನೇ. ಮೂರು ತಿಂಗಳ ಮೇಲೆ ನಾನು ಮಾರ್ಕೆಟ್ಟಿಗೆ ಹೋಗಲು ಕರೆದಾಗ ಅವನು ಎಂಜಿನ್ ಶುರು ಮಾಡಲಿಲ್ಲ. ಹ್ಯಾಂಡಲ್ ಹಿಡಿದುಕೊಂಡು ಎದುರಿಗೆ ನೋಡುತ್ತಲೇ ಮಾತಾಡಿದ.

"ಒಂದು ಕೇಳ್ತೇನೆ ಬಾಯಮ್ಮ. ಅವತ್ತು ನೀವು ಗಾಡಿಯಿಂದ ಇಳೀಲೇ ಇಲ್ಲ. ಮತ್ತೆ ಆ ಬಾಯಮ್ಮ ಹಾಗೆ ಹೇಳಿದ್ದು ನಿಮಗೆ ಹೇಗೆ ಕೇಳಿತು?"

ಅವನೇ ಮುಂದುವರಿಸಿದ. ಲಾರೆನ್ಸರು ಮಾರ್ಚಿನಲ್ಲಿ ಹಾಕಿದ ಭರಣಿಯದ್ದಂತೆ ಅದು. ಅವರ ಕೈಯಿಂದ ಆದ ಕೊನೆಯದ್ದು. ನೀವು ರಿಕ್ಷಾದಲ್ಲಿ ಕೂತು ಚೀಲದಿಂದ ತೆಗೆದು ಅವನಿಗೆ ತೋರಿಸಿದಿರಂತೆ, ಚೀಟಿಯನ್ನು ನೀವೇ ಬರೆದು ಕಟ್ಟಿದ್ದಿರಂತೆ. ಅದೇ ಹಾಲಿನಲ್ಲಿ ಹಿಂದೊಮ್ಮೆ ಹಬ್ಬದ ದಿನ ಲಾರೆನ್ಸರು ಕುಡಿದು ಎಲ್ಲರ ಎದುರು ಬಿದ್ದಿದ್ದರು. ನಾಲ್ಕು ಜನ ಹೊತ್ತು ಹೊರಗೆ ಹಾಕಿದ್ದರು. ಅದನ್ನು ಊರು ಮರೆತಿರಲಿಲ್ಲ. ಆಮೇಲೆ ಅವರು ಕುಡಿತ ಬಿಟ್ಟದ್ದನ್ನು ಊರು ಅಷ್ಟು ನೆನಪಿಟ್ಟುಕೊಳ್ಳಲಿಲ್ಲ. "ಆ ಹಾಲಲ್ಲಿ ಒಂದ್ಸಲ ಅವರ ಹೆಸರು ಮರ್ಯಾದೆಯಲ್ಲಿ ಕೂಗಬೇಕು ಅಂತ ಇತ್ತು ಯಶೋಧರ ಅಂತ ಹೇಳಿದ್ರು" ಎಂದ.

"ನೀನು ಯಾರಿಗಾದರೂ ಹೇಳಿದೆಯಾ?" ಎಂದು ಕೇಳಿದೆ. ನೋಡಿ, ಆಗಲೂ ನನಗೆ ಮೊದಲು ಬಂದ ಯೋಚನೆ ಅದು.

"ನಿಮ್ಮ ಇಗರ್ಜಿ ವಿಷಯ, ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವೇ ಹೇಳ್ಬೇಕು" ಎಂದ. ಆಮೇಲೆ, "ಬೇರೆ ರಿಕ್ಷಾ ನೋಡಿ. ನನಗೆ ಬಾಡಿಗೆ ಉಂಟು" ಎಂದ. ಸ್ಟ್ಯಾಂಡಿನಲ್ಲಿ ಬೇರೆ ಯಾರೂ ಕಾಯುತ್ತಿರಲಿಲ್ಲ. ಆ ದಿನದಿಂದ ಅವನು ನನ್ನನ್ನು ಹತ್ತಿಸಿಕೊಂಡಿಲ್ಲ.

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಬದಲಿಗೆ ನಾನು ಮಾಡಿದ್ದು ಇನ್ನೂ ನಾಚಿಕೆಯದ್ದು. ಪ್ರತಿ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಪಾಪನಿವೇದನೆಗೆ ಹೋಗಿ ಜಾಲರಿಯ ಆಚೆ ಕೂತ ಪಾದ್ರಿಗೆ, "ಸುಳ್ಳು ಹೇಳಿದ್ದೇನೆ ಫಾದರ್" ಎಂದೆ. ಯಾವ ಸುಳ್ಳು, ಯಾರ ಮೇಲೆ — ಅದಿಲ್ಲ. ಅಕ್ಕಿಯಲ್ಲಿ ಕಲ್ಲು ಸೇರಿಸಿದ ಹಾಗೆ, ಕೋಪ ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ, ಸುಳ್ಳು ಹೇಳಿದೆ ಎಂದು ಒಟ್ಟಿಗೆ ಹೇಳಿಬಿಡುತ್ತಿದ್ದೆ. ಮೂರು ಪ್ರಾರ್ಥನೆ ಹೇಳು ಎನ್ನುತ್ತಿದ್ದರು. ಹೇಳಿ ಮನೆಗೆ ಬರುತ್ತಿದ್ದೆ. ದೇವರಿಗೂ ಪಟ್ಟಿಯನ್ನು ಮಡಚಿ ತೋರಿಸಿದವಳು ನಾನು. ನಮ್ಮ ಹಳೆಯ ಫಾದರ್‌ಗೆ ಅಷ್ಟರಲ್ಲಿ ವರ್ಗವಾಗಿತ್ತು, ಹೊಸಬರಿಗೆ ನಿಮ್ಮ ಮುಖವೇ ಗೊತ್ತಿರಲಿಲ್ಲ. ವಿಷಯ ತಣ್ಣಗಾಯಿತು ಎಂದುಕೊಂಡೆ.

ತಣ್ಣಗಾಗಿರಲಿಲ್ಲ. ಹೋದ ತಿಂಗಳು ಈ ವರ್ಷದ ಏಲಂಗೆ ಪಟ್ಟಿ ಮಾಡಲು ಕೂತೆವು. ರೀನಾ ಎಂಬ ಹುಡುಗಿ ಈಗ ಕಾರ್ಯದರ್ಶಿ. ಅವಳು ಮದುವೆಯಾಗಿ ಈ ಊರಿಗೆ ಬಂದು ಎರಡು ವರ್ಷವಾಯಿತಷ್ಟೆ. ಹಳೆಯ ಪುಸ್ತಕ ನೋಡಿ ಹೆಸರು ಓದುತ್ತಿದ್ದವಳು ನಿಮ್ಮ ಹೆಸರಿಗೆ ಬಂದು ಪೆನ್ನಿನಿಂದ ಗೀಟು ಎಳೆದಳು. "ಇವರು ಬೇಡ ಅಲ್ವಾ? ಸಾಯುವವರ ಬಾಯಿಗೆ ಒಂದು ತೊಟ್ಟು ಸಹ ಕೊಡುವುದಿಲ್ಲ ಅಂತ ಹೇಳಿ ಗೇಟಿಂದ ಓಡಿಸಿದ್ರಂತೆ" ಎಂದಳು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು ಅವಳ ಮಾತು. ಊರು ಆರು ವರ್ಷ ಅದನ್ನು ತಿಕ್ಕಿ ತಿಕ್ಕಿ ಹೊಳೆಯುವ ಹಾಗೆ ಮಾಡಿತ್ತು. ನಿಮ್ಮನ್ನು ಒಮ್ಮೆಯೂ ನೋಡಿರದ ಹುಡುಗಿಗೆ ನೀವು ಅಂದರೆ ಅದೊಂದೇ ಮಾತು. ನೀವು ಸತ್ತ ಮೇಲೂ ಉಳಿಯುವುದು ಅದೊಂದೇ. ಎಲ್ಲರೂ ನನ್ನ ಕಡೆ ತಿರುಗಿದರು, ಸಾಕ್ಷಿಗೆ. ನಾನು ಬಿಸ್ಕೆಟ್ ತಿನ್ನುತ್ತಿದ್ದೆ. ತಲೆಯಾಡಿಸಿದೆ. ಇದು ಮೂರನೆಯ ಸಲ.

ಹೋದ ಗುರುವಾರ ನಾನು ನಿಮ್ಮ ಮನೆಗೆ ಬಂದದ್ದು ಇದಕ್ಕೇ. ಎಲ್ಲ ಹೇಳಿಬಿಡಬೇಕೆಂದು ಬಸ್ಸಿನಲ್ಲಿ ಸಾಲು ಸಾಲಾಗಿ ಜೋಡಿಸಿಕೊಂಡು ಬಂದಿದ್ದೆ. ನೀವು ಬಾಗಿಲು ತೆರೆದು, "ಎಂತ ಹಿಲ್ಡಾ, ದಾರಿ ತಪ್ಪಿ ಬಂದದ್ದಾ?" ಎಂದಿರಿ. ಎಪ್ಪತ್ತಾರು ವರ್ಷವಾದರೂ ನೀವೇ ಒಳಗೆ ಹೋಗಿ ಶರಬತ್ತು ತಂದಿರಿ. ನಾನು ಜೋಡಿಸಿಕೊಂಡದ್ದೆಲ್ಲ ಹೋಯಿತು. ಹೇಡಿತನಕ್ಕೆ ಹೊಸದೊಂದು ದಾರಿ ಕಂಡಿತು — ಹೇಳದೆಯೇ ಸರಿಮಾಡಿಬಿಟ್ಟರೆ? ಬಾಟಲಿ ಕೇಳಿ ತೆಗೆದುಕೊಂಡು ಹೋಗಿ, ಹೆಸರು ಕೂಗಿಸಿ, ಎಲ್ಲ ಮುಗಿಸಿಬಿಟ್ಟರೆ?

"ಏಲಂಗೆ ಬಾಟ್ಲಿ ಕೇಳ್ಲಿಕ್ಕೆ ಬಂದೆ" ಎಂದೆ.

"ಈಗ ಮಾಡುವುದಿಲ್ಲ. ಯಾರಿಗೆ ಮಾಡುವುದು?"

"ಲಾರೆನ್ಸರದ್ದು ಒಂದು ಇತ್ತಲ್ಲ —"

"ಅದಾ?" ಎಂದಿರಿ. "ಅದನ್ನು ಅವತ್ತೇ ತೆಂಗಿನ ಬುಡಕ್ಕೆ ಹೊಯ್ದೆ."

ಬಾಟಲಿಯನ್ನು ತೊಳೆದು ಗುಜರಿಯವನಿಗೆ ಕೊಟ್ಟೆ ಎಂದೂ ಹೇಳಿದಿರಿ. ನಾನು ಶರಬತ್ತಿನ ಲೋಟ ತಿರುಗಿಸುತ್ತಿದ್ದೆ. ನೀವೇ ಮಾತು ತೆಗೆದಿರಿ, ನನ್ನನ್ನು ನೋಡದೆ.

"ನನಗೆ ಬೇಜಾರಿಲ್ಲ ಹಿಲ್ಡಾ. ಕುಡುಕ ಮಾಡಿದ ವೈನು ರೋಗಿಗಳ ಏಲಂಗೆ ಬೇಡ ಅಂತ ಕಮಿಟಿಯವರಿಗೆ ಅನ್ನಿಸಿತು. ಅದಕ್ಕೇ ಯಾರೂ ಕೇಳ್ಲಿಕ್ಕೆ ಬರ್ಲಿಲ್ಲ. ಅಷ್ಟೇ ಅಲ್ವಾ?" ಎಂದಿರಿ. ಮತ್ತೆ, "ಎಂಟು ವರ್ಷ ಅವರು ಮುಟ್ಟಿರಲಿಲ್ಲ. ಭರಣಿ ತಿರುಗಿಸುವುದು ಅವರು, ರುಚಿ ನೋಡುವುದು ನಾನು. ಒಂದು ಚಮಚ ಸಹ ಬಾಯಿಗೆ ಹಾಕ್ಲಿಲ್ಲ. ಅದನ್ನು ಯಾರಿಗೆ ಹೇಳುವುದು?" ಎಂದಿರಿ.

ಆರು ವರ್ಷ ನೀವು ನಂಬಿಕೊಂಡು ಬಂದದ್ದು ಇದು. ನಾನು ನಿಮ್ಮ ಹೆಸರು ಕೆಡಿಸಿದೆ ಎಂದು ಮಾತ್ರ ನನಗೆ ಗೊತ್ತಿತ್ತು. ಲಾರೆನ್ಸರನ್ನು ನಿಮ್ಮ ಮನಸ್ಸಿನಲ್ಲಿ ಮತ್ತೊಮ್ಮೆ ಆ ಹಾಲಿನಿಂದ ಹೊತ್ತು ಹೊರಗೆ ಹಾಕಿದವಳೂ ನಾನೇ ಎಂದು ಆವರೆಗೆ ಗೊತ್ತಿರಲಿಲ್ಲ. "ಅಲ್ಲ ಸೆವ್ರಿನ್‌ಬಾಯಿ" ಎಂದೆ. ಅಷ್ಟೇ ಬಂತು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಗೇಟಿನವರೆಗೆ ಬಂದು ನೀವು, "ನಿನ್ನ ರವಕೆಯ ಹೊಲಿಗೆ ಬಿಟ್ಟಿದೆ ನೋಡು, ಹೀಗೇ ಊರೆಲ್ಲ ತಿರುಗಿದ್ದಾ?" ಎಂದಿರಿ. ನನಗೆ ಸಿಟ್ಟು ಬಂತು. ಆ ಹೊತ್ತಿನಲ್ಲೂ ಬಂತು. ನಾನು ಇಷ್ಟೇ.

ಬಾಯಲ್ಲಿ ಬರಲಿಲ್ಲವಾದ್ದರಿಂದ ಬರೆದಿದ್ದೇನೆ. ಶನಿವಾರ ಬೆಳಿಗ್ಗೆ ಈ ಹಾಳೆಗಳನ್ನು ಹಿಡಿದುಕೊಂಡು ವಾಮಂಜೂರಿಗೆ ಬಂದು ನಿಮ್ಮೆದುರು ಕೂತು ಓದುತ್ತೇನೆ. ನೀವು ನಡುವಿನಲ್ಲಿ ಎದ್ದು ಹೋಗು ಎಂದರೂ ಓದಿ ಮುಗಿಸಿಯೇ ಹೋಗುತ್ತೇನೆ. ಭಾನುವಾರ ಹಾಲಿನಲ್ಲಿ ಮೊದಲ ಬಾಟಲಿ ಎತ್ತುವ ಮುಂಚೆ ಇದನ್ನೇ ಮೈಕಿನಲ್ಲಿ ಓದುತ್ತೇನೆ, ಒಂದು ಸಾಲು ಬಿಡದೆ — ಹುರಿದ ಮೀನಿನದ್ದೂ, ಬಿಸ್ಕೆಟಿನದ್ದೂ ಸೇರಿಸಿ. ಫಾದರ್‌ಗೆ ಹೇಳಿ ಒಪ್ಪಿಗೆ ಪಡೆದಿದ್ದೇನೆ. ರೀನಾಳಿಗೂ ಹೇಳಿದ್ದೇನೆ, ಅವಳು ನನ್ನ ಮುಖ ನೋಡಲಿಲ್ಲ. ಆಮೇಲೆ ಕಮಿಟಿಯಿಂದ ಹೊರಗೆ ಬರುತ್ತೇನೆ. ಅವರು ಕಳಿಸುವುದಕ್ಕೆ ಮೊದಲೇ ಹೋದೆ ಎನ್ನಿಸಿಕೊಳ್ಳಲು ಅಲ್ಲ, ಅಲ್ಲಿ ಕೂರುವ ಮುಖ ನನಗಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಏನಾದರೂ ಕೊಡಬೇಕಾಗುತ್ತದೆ. ನಿಮ್ಮಿಂದ ನಾನು ತೆಗೆದುಕೊಂಡದ್ದೇ ಸಾಕು. ನನ್ನನ್ನು ನೀವು ಇನ್ನು ಮುಂದೆ ಏನೆಂದು ಕರೆದರೂ ಅದು ನನಗೆ ಸಲ್ಲುತ್ತದೆ. ಒಂದನ್ನು ಮಾತ್ರ ನೀವು ನಂಬಬೇಕು. ಕಮಿಟಿಯವರು ಯಾರೂ ಲಾರೆನ್ಸರನ್ನು ಬೇಡ ಎನ್ನಲಿಲ್ಲ. ಅವರ ಹೆಸರು ಬರೆದ ಚೀಟಿ ಅಲ್ಲಿ ಯಾರ ಮುಂದೆಯೂ ಬರಲೇ ಇಲ್ಲ. ಬಂದಿದ್ದರೆ ಆ ಹಾಲು ಏನು ಮಾಡುತ್ತಿತ್ತು, ನಗುತ್ತಿತ್ತೋ ಎದ್ದು ನಿಲ್ಲುತ್ತಿತ್ತೋ — ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದು ಯಾವತ್ತಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು.